ಟ್ಯಾಂಕ್ ಅಲುಗಿದರೆ ಯುರೇನಿಯಂ ದ್ರಾವಣ ಕ್ರಿಟಿಕಲ್ ಆಗುತ್ತಾ?

ಬೀಕರ್ ಭಟ್ಟ:
ಎಂಎಸ್ಸಿ ಸೆಮಿನಾರಿಗೆ ತಯಾರಾಗುತ್ತಿದ್ದೇನೆ. ಭೂಕಂಪದಲ್ಲಿ ಟ್ಯಾಂಕಿನೊಳಗಿನ ಇಂಧನ ದ್ರಾವಣ ತುಳುಕಾಡಿದರೆ ಸರಪಳಿ ಕ್ರಿಯೆ ಶುರುವಾಗಬಹುದಂತೆ, ಅಂದರೆ ಒಂದು ಪರಮಾಣು ಒಡೆದು ಹೊರಟ ನ್ಯೂಟ್ರಾನ್ ಇನ್ನೊಂದನ್ನು ಒಡೆಯುತ್ತಾ ತಾನಾಗಿ ಮುಂದುವರಿದು ‘ಕ್ರಿಟಿಕಲ್’ ಆಗುವುದು. ಹೊರಗಿಂದ ಒಂದು ಹನಿಯೂ ಸೇರಿಲ್ಲ, ಯುರೇನಿಯಂ ಇದ್ದಷ್ಟೇ ಇದೆ. ಸುಮ್ನೆ ಅಲುಗಿದ್ದಕ್ಕೆ ಏನಾಗುತ್ತೆ?

ನೀಲಿ ಲಿಟ್ಮಸ್:
ಏನೂ ಆಗಲ್ಲ. ಕ್ರಿಟಿಕಲ್ ಮಾಸ್ (ಸರಪಳಿ ಕ್ರಿಯೆಗೆ ಬೇಕಾದ ಕನಿಷ್ಠ ಪ್ರಮಾಣ) ಅಂದರೆ ತೂಕದ ಲೆಕ್ಕ ತಾನೇ?

ಕಾಲಂ ಮೂರ್ತಿ:
ತೂಕವೊಂದೇ ಅಲ್ಲ, ಆಕಾರವೂ ಲೆಕ್ಕಕ್ಕಿದೆ. ದ್ರಾವಣ ತೆಳ್ಳಗೆ ಹರಡಿಕೊಂಡಿದ್ದರೆ ನ್ಯೂಟ್ರಾನ್‌ಗಳು ಹೊರಗೆ ತಪ್ಪಿಸಿಕೊಳ್ಳುತ್ತವೆ. ಅದೇ ದ್ರಾವಣ ಒಂದೆಡೆ ದಪ್ಪಗೆ ಸೇರಿದರೆ ತಪ್ಪಿಸಿಕೊಳ್ಳುವುದು ಕಡಿಮೆ, ಇನ್ನೊಂದು ಪರಮಾಣುವನ್ನು ಒಡೆಯುವುದು ಜಾಸ್ತಿ.

1958ರ ಡಿಸೆಂಬರ್ 30, ಅಮೆರಿಕದ ಲಾಸ್ ಅಲಮೋಸ್ ಪರಮಾಣು ಪ್ರಯೋಗಾಲಯ. ಸುಮಾರು ಒಂದು ಮೀಟರ್ ಅಗಲದ ಟ್ಯಾಂಕ್. ಕೆಳಗೆ ನೀರಿನಂಥ ದ್ರಾವಣ, ಮೇಲೆ ಸಾಲ್ವೆಂಟಿನ ಪದರ, ದಪ್ಪ ಬರೀ 20 ಸೆಂ.ಮೀ. ಆ ಪದರದಲ್ಲೇ 3 ಕೆಜಿಗೂ ಜಾಸ್ತಿ ಪ್ಲುಟೋನಿಯಂ (ಯುರೇನಿಯಂನಂತೆಯೇ ಸರಪಳಿ ಕ್ರಿಯೆ ನಡೆಸಬಲ್ಲ ಇಂಧನ) ಕೂತಿತ್ತು. ಅಷ್ಟು ಇರಲೇಬಾರದಿತ್ತು. ಆದರೂ ಹರಡಿಕೊಂಡಿದ್ದರಿಂದ ಸುಮ್ಮನಿತ್ತು. ಆಪರೇಟರ್ ಸೆಸಿಲ್ ಕೆಲ್ಲಿ ಸ್ಟಿರರ್ (ಕಲಕುವ ಯಂತ್ರ) ಆನ್ ಮಾಡಿದರು.

ನಾನು ಔಷಧ ಪ್ಲಾಂಟಿನಲ್ಲಿ ಇಂಥ ಎರಡು ಪದರದ ಟ್ಯಾಂಕ್ ನೋಡಿಕೊಂಡವನು. ಸ್ಟಿರರ್ ತಿರುಗಿದ ಕೂಡಲೇ ಎರಡೂ ಬೆರೆಯುವುದಿಲ್ಲ. ಸೈಟ್ ಗ್ಲಾಸಿನಲ್ಲಿ (ಒಳಗೆ ನೋಡುವ ಗಾಜಿನ ಕಿಂಡಿ) ಕಣ್ಣಿಟ್ಟರೆ ಕಾಣುತ್ತೆ: ಮೊದಲು ಕೆಳಗಿನದು ಗೋಡೆ ಹಿಡಿದು ಮೇಲೇರುತ್ತೆ, ಮೇಲಿನದು ನಡುವಿಗೆ ಒತ್ತಿಕೊಳ್ಳುತ್ತೆ. ಲಾಸ್ ಅಲಮೋಸ್‌ನಲ್ಲೂ ಹಾಗೇ ನಡು ದಪ್ಪವಾಯಿತು, ಕ್ರಿಟಿಕಲ್ ಆಗಿ ನೀಲಿ ಬೆಳಕು ಮಿಂಚಿತು. ಮುಂದಿನ ಕೆಲವೇ ಕ್ಷಣಗಳಲ್ಲಿ ಪೂರ್ತಿ ಬೆರೆತು, ಪ್ಲುಟೋನಿಯಂ ಚದುರಿ, ಕ್ರಿಯೆ ನಿಂತಿತು. ಕೆಲ್ಲಿ ಒಂದೂವರೆ ದಿನದಲ್ಲಿ ತೀರಿಕೊಂಡರು.

ಬೀಕರ್ ಭಟ್ಟ:
ಅಯ್ಯೋ. ಹಾಗಾದರೆ ಅನುಮಾನ ಬಂದ ಕೂಡಲೇ ಸ್ಟಿರರ್ ಆಫ್ ಮಾಡಿದರೆ ಸೇಫ್ ಅಲ್ವಾ ಸರ್?

ಕಾಲಂ ಮೂರ್ತಿ:
ಅದನ್ನೇ ಮಾಡಿ ಕೆಟ್ಟಿದ್ದೂ ಇದೆ! 1964ರ ಜುಲೈ 24, ಅಮೆರಿಕದ ರೋಡ್ ಐಲೆಂಡ್ ರಾಜ್ಯದ ವುಡ್ ರಿವರ್ ಜಂಕ್ಷನ್. 5 ಇಂಚು ಅಗಲದ ಬಾಟಲಿಯಲ್ಲಿ ತೆಪ್ಪಗಿದ್ದ ಯುರೇನಿಯಂ ದ್ರಾವಣವನ್ನು 18 ಇಂಚಿನ ಟ್ಯಾಂಕಿಗೆ ಸುರಿದರು. ಕ್ರಿಟಿಕಲ್ ಆಯಿತು, ಒಂದಷ್ಟು ಹೊರಗೆ ಚಿಮ್ಮಿತು. ಸುರಿದ ರಾಬರ್ಟ್ ಪೀಬಾಡಿ ಎರಡು ದಿನದಲ್ಲಿ ಸತ್ತರು. ಉಳಿದ ದ್ರಾವಣ, ಮೊಸರು ಕಡೆಯುವಾಗ ನಡುವೆ ಗುಳಿ ಬೀಳುತ್ತಲ್ಲ ಹಾಗೆ, ಸ್ಟಿರರ್ ಸುತ್ತ ಗುಳಿಬಿದ್ದು ತಿರುಗುತ್ತಿತ್ತು. ಸುಮಾರು ಒಂದೂವರೆ ಗಂಟೆಯ ಮೇಲೆ ಒಳಗೆ ಬಂದ ಮೇಲಧಿಕಾರಿ ಸ್ಟಿರರ್ ನಿಲ್ಲಿಸಿದರು. ಗುಳಿ ಮುಚ್ಚಿತು, ಮತ್ತೆ ಕ್ರಿಟಿಕಲ್! ಹಳೇ ಅಲಾರಂ ಇನ್ನೂ ಹೊಡೆದುಕೊಳ್ಳುತ್ತಿದ್ದರಿಂದ ಎರಡನೆಯದು ಆಗ ಗೊತ್ತೇ ಆಗಲಿಲ್ಲ.

ನೀಲಿ ಲಿಟ್ಮಸ್:
ನನ್ನ ಮಾತು ವಾಪಸ್. ಜಪಾನಿನ ತೊಕಾಯ್‌ಮುರಾದಲ್ಲೂ ಇಂಥದೇ ಅಪಘಾತ ಆಗಿತ್ತಲ್ಲ, ಅದು ಭೂಕಂಪದಿಂದಾನಾ?

ಕಾಲಂ ಮೂರ್ತಿ:
ಅಲ್ಲ, 1999ರ ಆ ಕೇಸು ಬಕೆಟ್ಟಿನದು. ಯುರೇನಿಯಂ ದ್ರಾವಣವನ್ನು ಬಕೆಟ್ಟಿನಿಂದ 45 ಸೆಂ.ಮೀ. ಅಗಲದ ಟ್ಯಾಂಕಿಗೆ ಸುರಿದರು, ಇಬ್ಬರು ಸತ್ತರು.

ಭಟ್ಟರೇ, ನಿಮ್ಮ ಭೂಕಂಪಕ್ಕೆ ಬರೋಣ. ಅಗಲ ಟ್ಯಾಂಕಿನಲ್ಲಿ ತೆಳ್ಳಗಿದ್ದರೆ ಅಲೆ ಒಂದು ಗೋಡೆಗೆ ಒಟ್ಟಾಗುತ್ತೆ, ಅಪಾಯ ಏರುತ್ತೆ. ಅಗಲ, ಎತ್ತರ ಒಂದೇ ಇದ್ದು ಮೊದಲೇ ಗುಂಡಗೆ ಕೂತಿದ್ದರೆ ತುಳುಕಿದಾಗ ಸಾಮಾನ್ಯವಾಗಿ ಇಳಿಯುತ್ತೆ. ಕೊಳವೆಯಂಥ ಸಪೂರ ಟ್ಯಾಂಕಿನಲ್ಲಿ ಅಲೆಗೆ ಜಾಗವೇ ಇಲ್ಲ. ಅಲ್ಲಿ ನನಗೆ ಭಯ ಟ್ಯಾಂಕನ್ನು ಬಿಗಿದ ಬೋಲ್ಟಿನದು. ಅದು ಕಿತ್ತು ಎರಡು ಟ್ಯಾಂಕ್ ಹತ್ತಿರ ಬಂದರೆ ಒಂದರ ನ್ಯೂಟ್ರಾನ್ ಇನ್ನೊಂದಕ್ಕೆ ಹೋಗುತ್ತೆ. ನ್ಯೂಟ್ರಾನ್ ಹೀರಿಕೊಳ್ಳಲೆಂದು ಬೋರಾನ್ ಗಾಜಿನ ಉಂಗುರ ತುಂಬಿದ ಟ್ಯಾಂಕಾದರೆ, ಕುಲುಕಾಟಕ್ಕೆ ಅವು ಒಡೆದು ಕೆಳಗಿಳಿದಿವೆಯಾ ಅಂತ ಆಮೇಲೆ ನೋಡಲೇಬೇಕು. ಮೇಲೆ ಉಂಗುರವಿಲ್ಲದ ಜಾಗ ಉಳಿದರೆ ದ್ರಾವಣ ಅಲ್ಲಿಗೂ ತುಂಬುತ್ತೆ.