ಸ್ಕ್ಯಾನ್‌ನಲ್ಲಿ ‘ಗ್ಲಿಯೋಸಿಸ್’ ಅಂತ ಬಂದಿದೆ, ಹೆದರಬೇಕಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಬೈಕಿಂದ ಬಿದ್ದು ನಮ್ಮಣ್ಣನ ತಲೆಗೆ ಪೆಟ್ಟಾಗಿ ಐದು ತಿಂಗಳಾಯ್ತು. ಈಗ ಓಡಾಡುತ್ತಾನೆ, ಆದರೆ ಮಾತಿನ ನಡುವೆ ಪದ ಸಿಗದೆ ನಿಂತುಬಿಡುತ್ತಾನೆ. ಮೊನ್ನೆಯ ಸ್ಕ್ಯಾನ್ ರಿಪೋರ್ಟ್‌ನಲ್ಲಿ ಗ್ಲಿಯೋಸಿಸ್ ಎಂದು ಬರೆದಿದ್ದಾರೆ. ಹೊಸ ಕಾಯಿಲೆಯಾ?

ಉತ್ತರ: ಅಲ್ಲ. ಹಳೆಯ ಗಾಯ ಬಿಟ್ಟುಹೋದ ಕಲೆ ಅಷ್ಟೇ. ಅದನ್ನು ಕಟ್ಟಿದ್ದು ಗ್ಲಿಯಾ ಕೋಶಗಳು. ಮಿದುಳಿನಲ್ಲಿ ನ್ಯೂರಾನ್‌ಗಳು, ಅಂದರೆ ಸಂದೇಶ ಒಯ್ಯುವ ನರಕೋಶಗಳು, ಎಷ್ಟಿವೆಯೋ ಹೆಚ್ಚೂಕಡಿಮೆ ಇವೂ ಅಷ್ಟೇ ಇವೆ. 1856ರಲ್ಲಿ ಜರ್ಮನಿಯ ವೈದ್ಯ ವಿರ್ಖೋ ಇವಕ್ಕೆ ‘ನರದ ಅಂಟು’ ಎಂಬರ್ಥದ ಹೆಸರಿಟ್ಟರು. ಇವು ಮಾಡುವ ಕೆಲಸ ನೋಡಿದರೆ ಆ ಹೆಸರು ಏನೇನೂ ಸಾಲದು.

ಏಟು ಬಿದ್ದಾಗ ಹಾನಿಯಾದ ನ್ಯೂರಾನ್‌ಗಳಿಂದ ಗ್ಲುಟಮೇಟ್ ಚೆಲ್ಲುತ್ತದೆ. ಹಿತಮಿತವಾಗಿದ್ದರೆ ಅದು ಸಂದೇಶ ಒಯ್ಯುವ ರಾಸಾಯನಿಕ. ಜಾಸ್ತಿಯಾದರೆ ಪಕ್ಕದ ನ್ಯೂರಾನ್‌ಗಳೊಳಗೆ ಕ್ಯಾಲ್ಸಿಯಂ ನುಗ್ಗಿ ಅವೂ ಸಾಯುತ್ತವೆ. ಆಸ್ಟ್ರೋಸೈಟ್ ಎಂಬ ನಕ್ಷತ್ರದಂತಿರುವ ಗ್ಲಿಯಾ ಕೋಶಗಳು ಆ ಗ್ಲುಟಮೇಟನ್ನು ಹೀರಿಕೊಂಡು ನೆರೆಯ ನ್ಯೂರಾನ್‌ಗಳನ್ನು ಉಳಿಸುತ್ತವೆ.

ಇನ್ನು ಮೈಕ್ರೋಗ್ಲಿಯಾ, ಅಂದರೆ ಮಿದುಳನ್ನು ಕಾಯುವ ರಕ್ಷಣಾ ಕೋಶಗಳು. ಇವೂ ಗ್ಲಿಯಾದ ಒಂದು ಬಗೆ. ಬದುಕಿರುವ ಇಲಿಯ ಮಿದುಳಿನಲ್ಲಿ ಲೇಸರ್‌ನಿಂದ ಚುಕ್ಕೆಯಷ್ಟು ಗಾಯ ಮಾಡಿ ನೋಡಿದ್ದಾರೆ. ಅರ್ಧ ಗಂಟೆಯೊಳಗೆ ಸುತ್ತಲಿನ ಮೈಕ್ರೋಗ್ಲಿಯಾ ಕೈಚಾಚಿ ಗಾಯಕ್ಕೆ ಬೇಲಿ ಕಟ್ಟಿದ್ದವು. ಕೋಶಗಳು ಇದ್ದಲ್ಲೇ ಇದ್ದವು, ಕೈಗಳಷ್ಟೇ ಬಂದಿದ್ದವು!

ಪ್ರಶ್ನೆ: ಆದರೆ ಈ ಕಲೆಯೇ ನರ ಮತ್ತೆ ಬೆಳೆಯದಂತೆ ತಡೆಯುತ್ತದೆ ಎಂದು ಓದಿದ್ದೆ. ಮೊದಲೇ ಸ್ಟೀರಾಯ್ಡ್ ಕೊಟ್ಟು ಉರಿಯೂತ ಇಳಿಸಬಹುದಿತ್ತು ಅಲ್ವಾ?

ಉತ್ತರ: ತುಂಬಾ ವರ್ಷ ನಾವೂ ಹಾಗೇ ನಂಬಿದ್ದೆವು. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೆನ್ನುಹುರಿಗೆ ಗಾಯವಾದ ಇಲಿಗಳಲ್ಲಿ ಆಸ್ಟ್ರೋಸೈಟ್‌ಗಳು ಕಲೆ ಕಟ್ಟದಂತೆ ತಡೆದರು. ನರತಂತುಗಳು ಬೆಳೆಯಲೇ ಇಲ್ಲ. ಕಲೆಯನ್ನು ಹಾಗೇ ಬಿಟ್ಟು ಬೆಳವಣಿಗೆಗೆ ಬೇಕಾದ ಪ್ರೋಟೀನ್ ಕೊಟ್ಟಾಗ, ಅದರ ನಡುವೆಯೇ ದಾರಿ ಮಾಡಿಕೊಂಡು ಬೆಳೆದವು. ಹಾಗಂತ ಗ್ಲಿಯಾ ಯಾವಾಗಲೂ ಒಳ್ಳೆಯದನ್ನೇ ಮಾಡುತ್ತವೆ ಎನ್ನಲಾರೆ. ಮೈಕ್ರೋಗ್ಲಿಯಾ ತಿಂಗಳುಗಟ್ಟಲೆ ಕೆರಳಿಕೊಂಡೇ ಇದ್ದರೆ ಆರೋಗ್ಯವಾಗಿರುವ ನ್ಯೂರಾನ್‌ಗಳಿಗೂ ಪೆಟ್ಟು.

ಸ್ಟೀರಾಯ್ಡ್ ಮಾತ್ರ ಬೇಡ. ತಲೆಗೆ ಪೆಟ್ಟಾದ 10,000ಕ್ಕೂ ಹೆಚ್ಚು ಜನರ ಮೇಲೆ ಅದನ್ನು ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಕೊಟ್ಟರು. ಸ್ಟೀರಾಯ್ಡ್ ಪಡೆದವರಲ್ಲೇ ಸಾವು ಜಾಸ್ತಿಯಿತ್ತು. ನಿಮ್ಮಣ್ಣನಿಗೆ ಕೊಡದಿದ್ದರೆ ಒಳ್ಳೆಯದೇ ಆಯಿತು.

ಫಿಟ್ಸ್ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ, ಇಂಥ ಕಲೆಯ ಸುತ್ತ ಅದು ಶುರುವಾಗಬಹುದು. ಪದ ಸಿಗದೆ ನಿಂತಾಗ ತಕ್ಷಣ ನೀವೇ ಹೇಳಿಕೊಡಬೇಡಿ, ಸ್ವಲ್ಪ ಕಾಯಿರಿ. ಸ್ಪೀಚ್ ಥೆರಪಿ ನಡೆಯುತ್ತಿದೆಯಾ?

ಪ್ರಶ್ನೆ ಕೇಳಿದವರು: ಇಲ್ಲ ಡಾಕ್ಟ್ರೇ, ಯಾರೂ ಹೇಳಿರಲಿಲ್ಲ. ನಾಳೆಯೇ ವಿಚಾರಿಸುತ್ತೇನೆ.