ಅಪ್‌ಡೇಟ್: ಎಲೆಕ್ಟ್ರಿಕ್ ಪಿಕಪ್ ಕೊಂಡು ಆರು ತಿಂಗಳಾಯಿತು

ಮರಗೆಲಸಕ್ಕೂ ಮನೆಯ ಓಡಾಟಕ್ಕೂ ಒಂದೇ ಎಲೆಕ್ಟ್ರಿಕ್ ಪಿಕಪ್ ಸಾಕಾದೀತೇ ಎಂದು ಕೇಳಿದ್ದೆ. ಕೊನೆಗೂ ಕೊಂಡೆ. ದಿನನಿತ್ಯದ ಓಡಾಟಕ್ಕೆ ತುಂಬಾ ಹಿಡಿಸಿದೆ. ರಾತ್ರಿ ಚಾರ್ಜಿಗೆ ಹಾಕಿದರೆ ಬೆಳಿಗ್ಗೆ ಸಿದ್ಧ. ಹಿಂದೆ ಹಲಗೆ ಹೇರಿದರೂ ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಅಷ್ಟಾಗಿ ಕುಸಿಯುವುದಿಲ್ಲ. ಪೆಟ್ಟು ಬೀಳುವುದು ಎತ್ತರದ ಟ್ರೇಲರ್ ಎಳೆದಾಗ. ಗಾಳಿಯನ್ನು ಸೀಳಿಕೊಂಡು ಹೋಗಬೇಕಲ್ಲ, 400 ಕಿ.ಮೀ. ಓಡುತ್ತಿದ್ದದ್ದು 200ಕ್ಕೆ ಇಳಿಯಿತು. ಚಾರ್ಜಿಂಗ್ ಜಾಗದಲ್ಲಿ ಟ್ರೇಲರ್ ಹಿಡಿಸದೆ, ಚಾರ್ಜ್ ಮಾಡಲು ಪ್ರತಿ ಸಲ ಅದನ್ನು ಕಳಚಿ ಪಕ್ಕಕ್ಕಿಡಬೇಕಾಯಿತು.

ಆದರೆ ಕರೆಂಟಿಲ್ಲದ ಹೊಸ ಕಟ್ಟಡವೊಂದರಲ್ಲಿ, ಗಾಡಿಯ ಹಿಂಬದಿಯ ಪ್ಲಗ್ಗಿಗೇ ಗರಗಸ ಸಿಕ್ಕಿಸಿ ಇಡೀ ದಿನ ಬಾಗಿಲ ಚೌಕಟ್ಟುಗಳನ್ನು ಕೊಯ್ದೆ. ಜನರೇಟರಿನ ಸದ್ದಿಲ್ಲ, ಹೊಗೆಯಿಲ್ಲ, ಹಸಿ ಮರದ ವಾಸನೆ ಮಾತ್ರ. ಸಂಜೆ ನೋಡಿದರೆ ಬ್ಯಾಟರಿ ಕರಗಿದ್ದು ಶೇ 6 ಅಷ್ಟೇ!

ದೂರದೂರಿಗೆ ಟ್ರೇಲರ್ ಎಳೆಯುವುದೇ ಕಸುಬಾದವರಿಗೆ ಇದನ್ನು ಕೊಳ್ಳಿ ಎನ್ನಲಾರೆ. ನನಗದು ತಿಂಗಳಿಗೊಮ್ಮೆ, ಆ ದಿನಕ್ಕೆ ಡೀಸೆಲ್ ಗಾಡಿಯನ್ನು ಬಾಡಿಗೆಗೆ ತರುತ್ತೇನೆ.