ಜಮಖಂಡಿ ಅರಮನೆಯ ಫೋರ್ಡ್ ಎಂದು ಹೇಳಿ ಮಾರುತ್ತಿದ್ದಾರೆ, ಹೇಗೆ ನಂಬುವುದು?

ಮುಧೋಳದಿಂದ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ ಪರಿಚಯದವರೊಬ್ಬರು 1930ರ ಫೋರ್ಡ್ ಮಾಡೆಲ್ ಎ ಕಾರು ಮಾರುತ್ತಿದ್ದಾರೆ. ಮೇಲೆ ಬಟ್ಟೆಯ ಹುಡ್ ಇರುವ ತೆರೆದ ಗಾಡಿ. ಮೊದಲು ಜಮಖಂಡಿ ಅರಮನೆಯಲ್ಲಿತ್ತು, ಇಂಥದ್ದು ದೇಶದಲ್ಲೇ ಸಿಗುವುದಿಲ್ಲ ಅನ್ನುತ್ತಾರೆ. ಮಡ್‌ಗಾರ್ಡ್ ಸಮೇತ ಪೂರ್ತಿ ಕೆಂಪು ಬಣ್ಣ ಹೊಡೆಸಿದ್ದಾರೆ. ಸ್ಟಾರ್ಟ್ ಆಗುತ್ತದೆ. ಹಳೇ ಆರ್‌ಸಿಯ ಜೆರಾಕ್ಸ್ ತೋರಿಸಿದರು. ತಂದೆಗೆ ತುಂಬಾ ಆಸೆ. ಇನ್ನೂ ಮುಂಗಡ ಕೊಟ್ಟಿಲ್ಲ. ಅಸಲಿಯೋ ಅಲ್ಲವೋ ಹೇಗೆ ತಿಳಿಯುವುದು? ಬೆಲೆ ಹೇಗೆ ಕಟ್ಟುವುದು? ಇಂಥ ಗಾಡಿ ಕೊಂಡವರು, ರಿಪೇರಿ ಮಾಡಿದವರು ದಯವಿಟ್ಟು ಹೇಳಿ.

ಬೆಳಗಾವಿಯ ಉದ್ಯಮಬಾಗದಿಂದ

ತಮ್ಮಾ, ಮುಂಗಡ ಕೊಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಹಳೇ ಗಾಡಿಗಳ ಕೆಲಸವೇ ನನ್ನ ಹೊಟ್ಟೆಪಾಡು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಬಣ್ಣ, ಸೀಟು, ಹಾರ್ನ್ ಎಲ್ಲ ಕೊನೆಗೆ ನೋಡಿ. ಮೊದಲು ನಂಬರ್. ಈ ಇಂಜಿನ್ನಿನ ಎಡಗಡೆ, ನೀರಿನ ಪೈಪು ಬ್ಲಾಕಿಗೆ ಸೇರುವ ಜಾಗದ ಮೇಲೆ ಒಂದು ಚಪ್ಪಟೆ ಭಾಗ ಇದೆ. ನಂಬರ್ ಒತ್ತಿರುವುದು ಅಲ್ಲಿ. ಅದೇ ನಂಬರನ್ನು ಕಂಪನಿ ಚಾಸಿಯ ಎಡಗಡೆಯ ಪಟ್ಟಿಯ ಮೇಲೂ ಒತ್ತುತ್ತಿತ್ತು. ಆದರೆ ಆ ಜಾಗ ಬಾಡಿಯ ಕೆಳಗೆ ಮುಚ್ಚಿಹೋಗಿರುತ್ತದೆ, ಬಾಡಿ ಎತ್ತದೇ ಕಾಣುವುದಿಲ್ಲ. ಮೋಸ ಮಾಡುವವರು ಕಣ್ಣಿಗೆ ಬೀಳುವ ಇಂಜಿನ್ ನಂಬರ್ ತಿದ್ದಿ ಕೈಬಿಡುತ್ತಾರೆ. ಚಾಸಿಯ ನಂಬರ್ ಹಾಗೇ ಕೂತಿರುತ್ತದೆ. ಬಣ್ಣ ಹೊಡೆಸುವಾಗ ಬಾಡಿ ಎತ್ತಿಸಿದ್ದರಾ ಎಂದು ಕೇಳಿ. ಎತ್ತಿಸಿದ್ದರೆ ಯಾರಾದರೂ ಮೊಬೈಲಿನಲ್ಲಿ ಫೋಟೋ ತೆಗೆದೇ ಇರುತ್ತಾರೆ. ಆ ಫೋಟೋ ಕೇಳಿ.

ಫೋರ್ಡ್‌ನ ಕೆನಡಾ ಕಂಪನಿ 1926ರಲ್ಲಿ ಮುಂಬೈಯಲ್ಲಿ ಶಾಖೆ ತೆರೆಯಿತು. ನಮ್ಮ ಕಡೆಯ ಮಾಡೆಲ್ ಎ ಗಾಡಿಗಳು ಸಾಮಾನ್ಯವಾಗಿ ಆ ದಾರಿಯಲ್ಲೇ ಬಂದವು, ಸ್ಟೇರಿಂಗ್ ಬಲಗಡೆ. ಕೆನಡಾದ ಇಂಜಿನ್ ನಂಬರ್ ‘ಸಿಎ’ ಅಕ್ಷರಗಳಿಂದ ಶುರುವಾಗುತ್ತದೆ. ಅಮೆರಿಕದ್ದು ಬರೀ ‘ಎ’, ಹಿಂದೆ ಮುಂದೆ ನಕ್ಷತ್ರದ ಗುರುತು. ನಿಮ್ಮ ಗಾಡಿಯಲ್ಲಿ ಬರೀ ‘ಎ’ ಇದ್ದರೆ ತಕ್ಷಣ ಸುಳ್ಳು ಎನ್ನಬೇಡಿ. ಇಂಜಿನ್ ಯಾವಾಗಲೋ ಬದಲಾಗಿರಬಹುದು. ನಂಬರೇ ಇಲ್ಲದಿದ್ದರೂ ಗಾಬರಿ ಬೇಡ, ಬದಲಿ ಇಂಜಿನ್ನುಗಳನ್ನು ಕಂಪನಿಯೇ ನಂಬರಿಲ್ಲದೆ ಕೊಡುತ್ತಿತ್ತು. ಆದರೆ ಆಗ ಅದು ಮೊದಲಿನ ಇಂಜಿನ್ ಅಲ್ಲ, ಬೆಲೆಯಲ್ಲಿ ಅದು ಕಾಣಬೇಕು.

ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಆರ್‌ಟಿಒದಲ್ಲಿ ಪ್ರಿಂಟ್ ತೆಗೆಯುತ್ತಾರಲ್ಲ, ಹಾಗೆ. ಅಂಕಿಗಳು ಸ್ವಲ್ಪ ಮೇಲೆ ಕೆಳಗೆ ಇದ್ದರೆ ಚಿಂತೆ ಇಲ್ಲ, ಆಗ ಕೈಯಿಂದ ಒತ್ತುತ್ತಿದ್ದರು. ಗ್ರೈಂಡರ್ ಗೀರು ಇದ್ದರೆ, ಹೊಸ ಅಂಕಿಯ ಕೆಳಗೆ ಹಳೇ ಅಂಕಿಯ ನೆರಳು ಕಂಡರೆ ಅಲ್ಲಿಗೇ ಮಾತು ಮುಗಿಸಿ ಎದ್ದು ಬನ್ನಿ.

ಇಂಜಿನ್ ಫೋರ್ಡ್‌ನದೇ ಹೌದಾ ಎಂದೂ ನೋಡಬೇಕು. ಮಾಡೆಲ್ ಎಗೆ ನಾಲ್ಕು ಸಿಲಿಂಡರ್, 3.3 ಲೀಟರ್, 40 ಅಶ್ವಶಕ್ತಿ, ವಾಲ್ವ್ ಸಿಲಿಂಡರಿನ ಪಕ್ಕದಲ್ಲಿ. ಹಳೇ ಜೀಪಿನ ಇಂಜಿನ್ನಿಗೂ ವಾಲ್ವ್ ಪಕ್ಕದಲ್ಲೇ, ನಾಲ್ಕೇ ಸಿಲಿಂಡರ್, ಆದರೆ 2.2 ಲೀಟರ್. ಗೊತ್ತಿಲ್ಲದವರ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ‘ಸ್ಟಾರ್ಟ್ ಆಗುತ್ತದೆ’ ಅನ್ನುವುದಕ್ಕೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಜೀಪಿನ ಇಂಜಿನ್ ಕೂರಿಸಿದರೂ ಸ್ಟಾರ್ಟ್ ಆಗುತ್ತದೆ.

ಇಸವಿ ಸರಿ ಇದೆಯಾ ಎನ್ನುವುದನ್ನು ಚಕ್ರವೇ ಹೇಳುತ್ತದೆ. 1928, 29ರ ಗಾಡಿಗೆ 21 ಇಂಚಿನ ಚಕ್ರ. 1930, 31ಕ್ಕೆ 19 ಇಂಚು. ರೇಡಿಯೇಟರ್‌ನ ಹೊರ ಕವಚ ಮೊದಲ ಎರಡು ವರ್ಷ ನಿಕ್ಕಲ್ ಲೇಪನ, 1930ರಿಂದ ತುಕ್ಕು ಹಿಡಿಯದ ಸ್ಟೀಲ್. 1930ರದು ಎನ್ನುವ ಗಾಡಿಯಲ್ಲಿ 21 ಇಂಚಿನ ಚಕ್ರ, ಲೇಪನದ ಕವಚ ಎರಡೂ ಸಿಕ್ಕರೆ, ಎರಡು ಗಾಡಿ ಸೇರಿಸಿ ಒಂದು ಮಾಡಿರುವ ಸಾಧ್ಯತೆ ಇದೆ. ಬ್ರೇಕ್ ನಾಲ್ಕೂ ಚಕ್ರಕ್ಕೆ ಕಬ್ಬಿಣದ ರಾಡಿನಿಂದ ಹಿಡಿಯಬೇಕು. ಆಯಿಲ್ ಪೈಪು ಕಂಡರೆ ಬದಲಾಯಿಸಿದ್ದಾರೆ. ಕರೆಂಟ್ 6 ವೋಲ್ಟ್. ಮಡ್‌ಗಾರ್ಡ್ ಕಂಪನಿಯಿಂದ ಬರುವಾಗ ಕಪ್ಪೇ, ಬಾಡಿ ಯಾವ ಬಣ್ಣವಿದ್ದರೂ. ಕೆಂಪು ಮಡ್‌ಗಾರ್ಡ್ ದೊಡ್ಡ ದೋಷವಲ್ಲ. ಆದರೆ ಬಣ್ಣ ಹೊಡೆಸಿದವರು ಅಸಲಿ ಗಾಡಿಯನ್ನು ಓದಿಕೊಂಡು ಕೆಲಸ ಮಾಡಿಲ್ಲ ಎಂದು ಅದರಿಂದ ಗೊತ್ತಾಗುತ್ತದೆ.

ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಬಾಡಿ ಪೂರ್ತಿ ಸರಿಸಿ. ಹಿಡಿಯದ ಕಡೆ ಒಳಗೆ ಪುಟ್ಟಿ ತುಂಬಿದ್ದಾರೆ ಎಂದು ಅರ್ಥ. ಬಾಗಿಲಿನ ಕೆಳಭಾಗ, ಕಾಲಿಡುವ ತಗಡು, ಹಿಂದಿನ ಮೂಲೆಗಳನ್ನು ಬಿಡಬೇಡಿ. ಕೆಳಗೆ ಮಲಗಿ ಚಾಸಿ ನೋಡಿ. ಅದು ರಿವೆಟ್ ಹೊಡೆದ ಚಾಸಿ, ಉದ್ದುದ್ದ ವೆಲ್ಡಿಂಗ್ ಇದ್ದರೆ ಮುರಿದು ಸೇರಿಸಿದ್ದಾರೆ. ಬಾಡಿಯ ಒಳಗಿನ ಕಟ್ಟಿಗೆಗೆ ಗೆದ್ದಲು ಹತ್ತಿದೆಯಾ ಎಂದು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಜೊತೆಗೆ ಇಂಚಿನ ಪಾನಾ ಒಯ್ಯಿರಿ. ಮಿಲಿಮೀಟರ್ ಪಾನಾ ಸರಿಯಾಗಿ ಕೂರುವ ನಟ್ಟುಗಳು ಎಷ್ಟು ಜಾಸ್ತಿ ಸಿಗುತ್ತವೋ ಅಷ್ಟು ಕಡೆ ಹೊಸ ಕೈ ಆಡಿದೆ.

ಒಂದು ಮಾತು ಮನಸ್ಸಿನಿಂದ ಹೇಳುತ್ತೇನೆ. ನಮ್ಮ ಬೆಳಗಾವಿಯ ಫೌಂಡ್ರಿಗಳಲ್ಲಿ, ಲೇತುಗಳಲ್ಲಿ ಯಾವ ಭಾಗ ಬೇಕಾದರೂ ಮಾಡಿಕೊಡುತ್ತಾರೆ. ಗಾಡಿ ಓಡಲಿ ಎನ್ನುವವರಿಗೆ ಇದು ದೊಡ್ಡ ವರ. ಆದರೆ ಇಲ್ಲಿ ಬೀಡು ಎರಕ ಹೊಯ್ದ ಭಾಗವನ್ನು ಅಸಲಿ ಎಂದು ಮಾರಿದರೆ ಅದು ಮೋಸವೇ. ನನ್ನನ್ನು ಕೇಳಿದರೆ, ಬಣ್ಣ ಮಾಸಿ, ಸೀಟು ಹರಿದು, ಎಲ್ಲ ಭಾಗ ತನ್ನದೇ ಇರುವ ಗಾಡಿ ಥಳಥಳ ಹೊಳೆಯುವ ಗಾಡಿಗಿಂತ ಹೆಚ್ಚು ಬೆಲೆಯದ್ದು. ಹೊಳಪು ನಾಳೆಯೂ ತರಬಹುದು. ಹೋದ ಅಸಲಿ ತಗಡು ಮತ್ತೆ ಬರುವುದಿಲ್ಲ.

ಗೋಕಾಕದಿಂದ

ಅಣ್ಣಾವ್ರು ಹೇಳಿದ್ದಕ್ಕೆ ಒಂದೇ ಸೇರಿಸುತ್ತೇನೆ. ಆ ಗಾಡಿ 2019ರ ಆಗಸ್ಟ್‌ನಲ್ಲಿ ಎಲ್ಲಿ ನಿಂತಿತ್ತು ಎಂದು ಕೇಳಿ. ಆಗ ಘಟಪ್ರಭಾ, ಕೃಷ್ಣಾ ಬಂದು ಗೋಕಾಕ, ಮುಧೋಳ, ಜಮಖಂಡಿ ಕಡೆ ಎಷ್ಟು ಮನೆ ಮುಳುಗಿದವು, ಗೊತ್ತಲ್ವಾ. ಶೆಡ್ಡಿನಲ್ಲಿದ್ದ ಹಳೇ ಗಾಡಿಗಳೂ ಮುಳುಗಿದವು. ಸೀಟಿನ ಕೆಳಗೆ, ಹೆಡ್‌ಲೈಟಿನ ಒಳಗೆ, ಚಾಸಿಯ ಪಟ್ಟಿಯ ಸಂದಿಯಲ್ಲಿ ಬೆರಳು ಹಾಕಿ. ನುಣ್ಣನೆ ಎರೆಮಣ್ಣು ಬಂದರೆ ಹೊಳೆ ನೀರು ಕುಡಿದ ಗಾಡಿ. ಹೊಸ ಕೆಂಪು ಬಣ್ಣ ಯಾಕೆ ಹೊಡೆಸಿದರು ಎನ್ನುವುದಕ್ಕೂ ಆಗ ಉತ್ತರ ಸಿಗಬಹುದು.

ವಿಜಯಪುರದಿಂದ

ನಾನು ಕಾಗದಪತ್ರದ ಬಗ್ಗೆ ಮಾತ್ರ ಬರೆಯುತ್ತೇನೆ, ನಾನೇ ಓಡಾಡಿ ಕಲಿತದ್ದು. ಜೆರಾಕ್ಸ್ ನಂಬಬೇಡಿ ಸರ್. ಆ ನಂಬರ್ ಯಾವ ಆರ್‌ಟಿಒಗೆ ಸೇರಿದ್ದೋ ಅಲ್ಲಿ ನೋಂದಣಿ ದಾಖಲೆಯ ಅಧಿಕೃತ ಪ್ರತಿಗೆ, ಅಂದರೆ ಬಿ ಎಕ್ಸ್‌ಟ್ರ್ಯಾಕ್ಟ್‌ಗೆ ಅರ್ಜಿ ಹಾಕಿ. ಮಾಲೀಕರ ಹೆಸರು, ಇಂಜಿನ್, ಚಾಸಿ ನಂಬರ್ ಎಲ್ಲ ಅದರಲ್ಲಿರಬೇಕು. ಈ ಫೋರ್ಡ್‌ಗೆ ಎರಡೂ ನಂಬರ್ ಒಂದೇ ಬರೆದಿದ್ದರೆ ಒಳ್ಳೆಯ ಲಕ್ಷಣ. ಬೇರೆ ಬೇರೆ ಇದ್ದರೆ ಇಂಜಿನ್ ಬದಲಾದ ನಮೂದು ಇದೆಯಾ ನೋಡಿ.

ಮಾಲೀಕರು ತೀರಿಹೋಗಿದ್ದರೆ ಗಾಡಿ ಮೊದಲು ವಾರಸುದಾರರ ಹೆಸರಿಗೆ ಆಗಬೇಕು, ಅದಕ್ಕೆ ಫಾರ್ಮ್ 31. ಆಮೇಲೆ ನಿಮಗೆ ವರ್ಗಾವಣೆ, ಫಾರ್ಮ್ 29 ಮತ್ತು 30. ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರ ಒಪ್ಪಿಗೆ ಬರಹದಲ್ಲಿ ಇರಲಿ. ನನಗೆ ಮಾರಿದವರ ತಂಗಿ ಆಮೇಲೆ ತಕರಾರು ತೆಗೆದರು. ಗಾಡಿ ಬಹಳ ದಿನ ಶೆಡ್ಡಿನಲ್ಲೇ ಕೊಳೆಯಿತು.

ನೋಂದಣಿಯೇ ಇಲ್ಲದ ಗಾಡಿಗೂ ದಾರಿ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿತು. 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ನವೀಕರಣಕ್ಕೆ 5,000. ನಂಬರಿನಲ್ಲಿ ರಾಜ್ಯದ ಗುರುತಿನ ನಂತರ ‘ವಿಎ’ ಬರುತ್ತದೆ. ಹಳೇ ನಂಬರ್ ಇದ್ದವರು ಅದನ್ನೇ ಉಳಿಸಿಕೊಳ್ಳಬಹುದು. ಆದರೆ ಹೀಗೆ ನೋಂದಾಯಿಸಿದ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಮಾತ್ರ. ತಂದೆಯವರಿಗೆ ಇದನ್ನು ಮೊದಲೇ ಹೇಳಿ. ಜೀಪಿನ ಇಂಜಿನ್ ಕೂರಿಸಿದ್ದರೆ ಈ ನಿಯಮದಡಿ ತೊಂದರೆಯೇ.

ಬಾಗಲಕೋಟೆಯಿಂದ

ಅರಮನೆಯ ಮಾತಿಗೆ ಬರೋಣ. ನಮ್ಮ ಭಾಗದಲ್ಲಿ ಜಮಖಂಡಿ, ಮುಧೋಳ, ರಾಮದುರ್ಗ ಸಂಸ್ಥಾನಗಳಿದ್ದವು. ಹಾಗಾಗಿ ಪ್ರತಿ ಹಳೇ ಕಾರಿಗೂ ಒಬ್ಬ ರಾಜ ಅಂಟಿಕೊಳ್ಳುತ್ತಾನೆ. ಕೆಲವು ಕಥೆ ನಿಜವೇ ಇರುತ್ತವೆ. ಆದರೆ ಕಥೆಗೆ ದುಡ್ಡು ಕೊಡಬೇಕಾದರೆ ಕಾಗದ ಬೇಕು: ಗಾಡಿಯ ನಂಬರ್ ಓದಲು ಬರುವ ಹಳೇ ಫೋಟೋ, ಮಾರಾಟದ ಪತ್ರ, ಹಳೇ ರಿಪೇರಿ ರಸೀದಿ. ಜಮಖಂಡಿ 1948ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿತು, 1956ರಲ್ಲಿ ನಾವೆಲ್ಲ ಮೈಸೂರು ರಾಜ್ಯಕ್ಕೆ ಬಂದೆವು. ಅಲ್ಲೇ ಉಳಿದ ಗಾಡಿಯಾಗಿದ್ದರೆ ಮುಂಬೈ ಕಾಲದ ನಂಬರ್ ಅಥವಾ ಮೈಸೂರಿನ ‘ಎಂವೈ’ ನಂಬರ್ ಎಲ್ಲಾದರೂ ಕಾಣಿಸಬೇಕು. ದೂರದ ಯಾವುದೋ ರಾಜ್ಯದ ನಂಬರ್ ಇದ್ದರೆ, ಅರಮನೆಯಿಂದ ಅಲ್ಲಿಗೆ ಹೇಗೆ ಹೋಯಿತು ಎಂದು ಅವರೇ ಹೇಳಲಿ. ಕಾಗದ ಇಲ್ಲದಿದ್ದರೆ ಕಥೆ ಕೇಳಿ ಸಂತೋಷಪಡಿ, ಬೆಲೆಯನ್ನು ಮಾತ್ರ ಗಾಡಿಗೇ ಕಟ್ಟಿ.

ಇನ್ನು ‘ದೇಶದಲ್ಲೇ ಇಲ್ಲ’ ಎನ್ನುವ ಮಾತು. 1927ರ ಕೊನೆಯಿಂದ 1931ರವರೆಗೆ ಫೋರ್ಡ್ ಸುಮಾರು 48 ಲಕ್ಷ ಮಾಡೆಲ್ ಎ ತಯಾರಿಸಿತು. ಅಷ್ಟು ಅಪರೂಪವೇನಲ್ಲ. ಇದರಲ್ಲಿ ನಿಮಗೆ ಲಾಭವೂ ಇದೆ: ಅಮೆರಿಕದಲ್ಲಿ ಇದರ ಬಿಡಿಭಾಗ ಇವತ್ತಿಗೂ ಹೊಸದಾಗಿ ಮಾಡುತ್ತಾರೆ. ಆದ್ದರಿಂದ ಕಾರ್ಬುರೇಟರ್ ಕೆಟ್ಟಿದೆ, ಡೈನಮೊ ಇಲ್ಲ ಎಂದು ಬೇಸರ ಬೇಡ. ಬಾಡಿ ಹಾಳಾಗಿದ್ದರೆ, ಚಾಸಿ ತಿರುಚಿದ್ದರೆ ಬೇಸರಪಡಿ. ತೆರೆದ ಗಾಡಿಗೆ ಮುಚ್ಚಿದ ಗಾಡಿಗಿಂತ ಬೇಡಿಕೆ ಹೆಚ್ಚು. ಅದಕ್ಕೇ ಮುಚ್ಚಿದ ಗಾಡಿಯ ಚಾವಣಿ ಕತ್ತರಿಸಿ ತೆರೆದದ್ದು ಎಂದು ಮಾರುವವರೂ ಇದ್ದಾರೆ. ಗಾಜಿನ ಚೌಕಟ್ಟಿನ ಪಕ್ಕ, ಬಾಗಿಲಿನ ಕಂಬದ ತುದಿಯಲ್ಲಿ ಕೊಯ್ದ ಗುರುತು ಹುಡುಕಿ.

ಬೆಲೆಗೆ ನಾನು ಮಾಡುವುದು ಇಷ್ಟು. ಇಂಥದೇ ಗಾಡಿ ನಿಜವಾಗಿ ಕೈ ಬದಲಾದ ಬೆಲೆ ವಿಚಾರಿಸುತ್ತೇನೆ, ಜಾಹೀರಾತಿನ ಬೆಲೆ ನೋಡುವುದಿಲ್ಲ. ಕೊಲ್ಹಾಪುರ, ಪುಣೆ, ಬೆಂಗಳೂರಿನ ಸಂಗ್ರಹಕಾರರನ್ನು ಕೇಳುತ್ತೇನೆ. ಅದರಿಂದ ಸರಿಪಡಿಸುವ ಖರ್ಚು ಕಳೆಯುತ್ತೇನೆ. ಆ ಖರ್ಚನ್ನು ಮಾರುವವರ ಮೆಕ್ಯಾನಿಕ್ ಹೇಳಬಾರದು, ನನ್ನ ಕಡೆಯವರು ಹೇಳಬೇಕು. ಕೊಂಡ ಮೇಲೆ ವಿಮೆಗೆ ಬೆಲೆ ಮೊದಲೇ ಒಪ್ಪಿ ಬರೆಸಿ. 1940ರ ಡಿಸೆಂಬರ್ 31ಕ್ಕಿಂತ ಮೊದಲಿನ ಗಾಡಿಗೆ ವಿಂಟೇಜ್ ಕಾರುಗಳ ಕ್ಲಬ್ಬಿನ ಪ್ರಮಾಣಪತ್ರ ಇದ್ದರೆ ಪ್ರೀಮಿಯಂನಲ್ಲಿ ರಿಯಾಯಿತಿ ಕೊಡುವ ನಿಯಮವಿತ್ತು. ವಿಮೆ ಮಾಡಿಸುವಾಗ ಅದನ್ನು ಕೇಳಿ.

ಸಾಧ್ಯವಾದರೆ ತಂದೆಯವರನ್ನು ಒಮ್ಮೆ ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿ. ಅಲ್ಲಿನ ಸಂಗ್ರಹಾಲಯದಲ್ಲಿ ಆ ಕಾಲದ ಕಾರುಗಳನ್ನು ಹತ್ತಿರದಿಂದ ನೋಡಿದರೆ ಕಣ್ಣು ಪಳಗುತ್ತದೆ.

ಮತ್ತೆ ಮುಧೋಳದಿಂದ

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಹೋಗಿ ನೋಡಿದೆ. ಚಕ್ರ 19 ಇಂಚು, ನಂಬರ್ ‘ಸಿಎ’ ಎಂದೇ ಇದೆ, ಗೀರು ಕಾಣಲಿಲ್ಲ. ಬಾಗಿಲಿನ ಕೆಳಗೆ ಅಯಸ್ಕಾಂತ ಹಿಡಿಯಲಿಲ್ಲ. ಬಾಡಿ ಎತ್ತಿದ ಫೋಟೋ ಇಲ್ಲವಂತೆ. ಅರಮನೆಯ ಕಾಗದ ‘ಎಲ್ಲೋ ಇದೆ, ಹುಡುಕಬೇಕು’ ಅನ್ನುತ್ತಾರೆ. ನಾಳೆಯೇ ಟೋಕನ್ ಕೊಡಿ, ಇನ್ನೊಬ್ಬರು ಬರುತ್ತಿದ್ದಾರೆ ಎಂದು ಅವಸರ ಮಾಡುತ್ತಿದ್ದಾರೆ.

ಬೆಳಗಾವಿಯ ಉದ್ಯಮಬಾಗದಿಂದ

ಗಾಡಿ ಅಸಲಿ ಇರುವ ಹಾಗೆ ಕಾಣುತ್ತದೆ ತಮ್ಮಾ, ಕೈಬಿಡಬೇಡಿ. ಆದರೆ ನಾಳೆ ಟೋಕನ್ ಬೇಡ. ಬಿ ಎಕ್ಸ್‌ಟ್ರ್ಯಾಕ್ಟ್ ಕೈಗೆ ಬರಲಿ. ಇನ್ನೊಬ್ಬರು ಕೊಂಡರೆ ಕೊಳ್ಳಲಿ. ಕೊಡಲೇಬೇಕಾದರೆ ಸಣ್ಣ ಮೊತ್ತ ಕೊಟ್ಟು, ಚಾಸಿ ನಂಬರ್ ಹೊಂದದಿದ್ದರೆ ಹಣ ವಾಪಸ್ ಎಂದು ಬರೆಸಿಕೊಳ್ಳಿ. ಬಾಗಿಲ ತಗಡಿನ ಖರ್ಚು, ಕೆಂಪು ಬಣ್ಣ ತೆಗೆಸುವ ಖರ್ಚು ಎರಡನ್ನೂ ಅವರ ಬೆಲೆಯಲ್ಲಿ ಕಳೆಯಿರಿ. ಅವರು ಒಪ್ಪಿದರೆ ಮುಂಭಾಗದ ಬೋಲ್ಟ್ ಸಡಿಲಿಸಿ ಬಾಡಿ ಸ್ವಲ್ಪ ಎತ್ತಿ ನಂಬರ್ ನೋಡಲು ನಾನೇ ಬರುತ್ತೇನೆ. ಒಂದು ದಿನ ಮೊದಲು ಹೇಳಿ, ಜ್ಯಾಕ್ ಮತ್ತು ಮರದ ತುಂಡು ತರುತ್ತೇನೆ.